ಇಲಿನಾಯ್‌ನ ಬ್ಲೂಮಿಂಗ್ಟನ್: ಬಾಡಿಗೆಗೆ ಇರೋದಾ, ಮನೆ ತಗೊಳ್ಳೋದಾ? ಅನುಭವ ಹೇಳಿ

ಹೊಸಬ_ತುಮಕೂರು: ಕೆಲಸದ ಮೇಲೆ ಬ್ಲೂಮಿಂಗ್ಟನ್‌ಗೆ ಬರುತ್ತಿದ್ದೇವೆ. ಒಂದು ಮಗು, ಒಂದೇ ಕಾರು. ಬಾಡಿಗೆ ಮನೆ ಸಾಕಾ, ಸ್ವಂತದ್ದು ನೋಡೋದಾ? ಸ್ಕೂಲ್ ಯಾವುದು ಸಿಗುತ್ತೆ?

ಜಯನಗರ_4ನೇ_ಬ್ಲಾಕ್: ನಾವು ತಗೊಂಡೆವು, 2,85,000 ಡಾಲರ್. ವರ್ಷದ ಪ್ರಾಪರ್ಟಿ ಟ್ಯಾಕ್ಸ್ 7,140. ಜೂನ್‌ನಲ್ಲಿ ಅರ್ಧ, ಸೆಪ್ಟೆಂಬರ್‌ನಲ್ಲಿ ಅರ್ಧ. ಇಲ್ಲಿ ಹಿಂದಿನ ವರ್ಷದ ಬಿಲ್ಲನ್ನು ಈ ವರ್ಷ ಕಟ್ಟುವುದು. ಹಾಗಾಗಿ ಮಾರುವವರು ತಮ್ಮ ಪಾಲನ್ನು ಕ್ಲೋಸಿಂಗ್ ದಿನ, ಅಂದರೆ ಮನೆ ಕೈಬದಲಾಗುವ ದಿನವೇ, ಲೆಕ್ಕ ಹಾಕಿ ಕೊಡಬೇಕು. ನಮ್ಮ ಲಾಯರ್ ಪಟ್ಟು ಹಿಡಿದು ವಸೂಲಿ ಮಾಡಿದರು. ಆಮೇಲೆ ಎಸ್ಕ್ರೋ, ಅಂದರೆ ಟ್ಯಾಕ್ಸ್ ಕಟ್ಟೋಕೆ ಕೂಡಿಡುವ ಹಣ, ಸಾಲದು ಅಂತ ಬ್ಯಾಂಕಿನವರು ತಿಂಗಳ ಕಂತಿಗೆ 168 ಸೇರಿಸಿದರು. ಸಂಬಳದಲ್ಲಿ ರಾಜ್ಯದ ತೆರಿಗೆ 4.95% ಬೇರೆ. ಆದರೂ ನಮಗೆ ತೃಪ್ತಿ ಇದೆ. ನಮ್ಮದು ಅಂತ ಒಂದು ಮನೆ ಆಯಿತಲ್ವಾ.

ಕೊಡಗಿನ_ಕಾಫಿ: ಬೇಸ್‌ಮೆಂಟ್ ವಿಷಯ ಯಾಕೆ ಯಾರೂ ಎತ್ತಲ್ಲ? 2021ರ ಜೂನ್ ಕೊನೆಯಲ್ಲಿ ಸುರಿದ ಮಳೆಗೆ ಊರಿನ ಎಷ್ಟೋ ಮನೆಗಳಲ್ಲಿ ನೀರು. ನಮ್ಮಲ್ಲಿ ಚರಂಡಿ ನೀರೇ ಒಳಗೆ ಉಕ್ಕಿತು. ಕಾರ್ಪೆಟ್ 3,900, ಗೋಡೆಯ ಹಲಗೆ (ಡ್ರೈವಾಲ್) 2,650, ವಾಟರ್ ಹೀಟರ್ 1,480. ಇನ್ಶೂರೆನ್ಸ್‌ನಿಂದ ಒಂದು ಡಾಲರ್ ಬರಲಿಲ್ಲ. ಚರಂಡಿ ನೀರು ಹಿಂದಕ್ಕೆ ಬಂದರೆ ಸಿಗುವ ಪರಿಹಾರಕ್ಕೆ ಪಾಲಿಸಿಯಲ್ಲಿ ಬೇರೆಯಾಗಿ ದುಡ್ಡು ಕಟ್ಟಿರಬೇಕಂತೆ. ಆಮೇಲೆ ಚರಂಡಿ ನೀರು ಹಿಂದಕ್ಕೆ ಬರದಂತೆ ತಡೆಯುವ ವಾಲ್ವ್ ಹಾಕಿಸಲು 2,300, ಬೇಸ್‌ಮೆಂಟ್ ನೀರನ್ನು ಹೊರಹಾಕುವ ಸಂಪ್ ಪಂಪ್‌ಗೆ ಬ್ಯಾಟರಿ 870.

ಜಯನಗರ_4ನೇ_ಬ್ಲಾಕ್: ಪಾಲಿಸಿ ಓದದೆ ಸಹಿ ಹಾಕಿದರೆ ಅದು ಊರಿನ ತಪ್ಪಾ?

ಕೊಡಗಿನ_ಕಾಫಿ: ಓದಿದ್ದೆ ಸಾರ್. ಎಲ್ಲಾ ಸೇರಿದೆ ಅಂತ ಏಜೆಂಟ್ ಬಾಯಿಬಿಟ್ಟು ಹೇಳಿದ್ದರು. ಮೊಣಕಾಲುದ್ದ ಕೊಳಕು ನೀರಿನಲ್ಲಿ ನಿಂತು ಮಗಳ ಪುಸ್ತಕ ಎತ್ತಿದವರು ನಾವು. ನಿಮ್ಮ ಮನೆಗೆ ಬಂದಿಲ್ಲ ಅಂತ ಹೀಗೆ ಮಾತಾಡಬೇಡಿ.

ರೈಲುಪ್ರೇಮಿ: ನಾನು ಬಾಡಿಗೆಯವನು, ಪಕ್ಕದ ನಾರ್ಮಲ್ ಅನ್ನೋ ಊರಿನಲ್ಲಿ. 2015ರಲ್ಲಿ ಮಿತ್ಸುಬಿಷಿ ಕಾರ್ಖಾನೆ ಮುಚ್ಚಿದಾಗ ಇಲ್ಲಿ ಏನು ಉಳಿಯುತ್ತೆ ಅನ್ನುತ್ತಿದ್ದರು. 2017ರಲ್ಲಿ ಎಲೆಕ್ಟ್ರಿಕ್ ಗಾಡಿ ಮಾಡುವ ರಿವಿಯನ್ ಕಂಪನಿ ಅದೇ ಜಾಗ ಕೊಂಡಿತು. 2021ರಲ್ಲಿ ಗಾಡಿ ಹೊರಬರಲು ಶುರುವಾಯಿತು, ಕೆಲಸಕ್ಕೆ ಜನ ಬಂದರು, ಮನೆ ಸಿಗೋದು ಕಷ್ಟವಾಯಿತು. ನನ್ನ ಬಾಡಿಗೆ 1,150ರಿಂದ 1,495ಕ್ಕೆ ಹೋಯಿತು. ಆದರೂ ಬಿಡಲ್ಲ. ಆಮ್‌ಟ್ರಾಕ್ ರೈಲು ಸ್ಟೇಷನ್‌ಗೆ ನಡೆದೇ ಹೋಗುತ್ತೇನೆ. ಷಿಕಾಗೋಗೆ ಸುಮಾರು ಎರಡೂವರೆ ಗಂಟೆ. ಬ್ಲೂಮಿಂಗ್ಟನ್‌ನಲ್ಲಿ ರೈಲು ಎಲ್ಲಿದೆ?

ಹಾಸನದ_ಅಕ್ಕ: ಅದೇನ್ರೀ ಮಾತು! ಮೆಕ್‌ಲೀನ್ ಕೌಂಟಿಗೆ (ಜಿಲ್ಲೆ ಇದ್ದ ಹಾಗೆ) ಕೇಂದ್ರ ಬ್ಲೂಮಿಂಗ್ಟನ್. ಕೋರ್ಟ್ ಇಲ್ಲಿ, ನೀವೆಲ್ಲ ತೆರಿಗೆ ಕಟ್ಟುವ ಕಚೇರಿ ಇಲ್ಲಿ. 1922ರಲ್ಲಿ ಸ್ಟೇಟ್ ಫಾರ್ಮ್ ಇನ್ಶೂರೆನ್ಸ್ ಕಂಪನಿ ಹುಟ್ಟಿದ್ದೂ ಇಲ್ಲೇ, ನಮ್ಮವರಲ್ಲಿ ಎಷ್ಟು ಜನಕ್ಕೆ ಅನ್ನ ಕೊಟ್ಟಿದೆ. 2020ರ ಜನಗಣತಿಯಲ್ಲಿ ನಮ್ಮಲ್ಲಿ 78,680 ಜನ, ನಾರ್ಮಲ್‌ನಲ್ಲಿ 52,736.

ರೈಲುಪ್ರೇಮಿ: ಜನ ಜಾಸ್ತಿ ಇದ್ದರೆ ಊರು ದೊಡ್ಡದಾಗುತ್ತಾ? ಇಲಿನಾಯ್ ಸ್ಟೇಟ್ ಯೂನಿವರ್ಸಿಟಿ ನಾರ್ಮಲ್‌ನಲ್ಲಿದೆ, ಅಕ್ಕ.

ಹಾಸನದ_ಅಕ್ಕ: ಇಲಿನಾಯ್ ವೆಸ್ಲಿಯನ್ ಯೂನಿವರ್ಸಿಟಿ ನಮ್ಮ ಬ್ಲೂಮಿಂಗ್ಟನ್‌ನಲ್ಲಿದೆ ಅಂತಲೂ ಹೇಳಿ ಮತ್ತೆ.

ಹೊಸಬ_ತುಮಕೂರು: ಸ್ಕೂಲ್ ಬಗ್ಗೆ ಯಾರಾದರೂ?

ಹಾಸನದ_ಅಕ್ಕ: ವಿಳಾಸ ನೋಡಿ ನಂಬಬೇಡಿ ತಮ್ಮ. ಬ್ಲೂಮಿಂಗ್ಟನ್ ವಿಳಾಸವಿದ್ದರೂ ಸರ್ಕಾರಿ ಸ್ಕೂಲ್ ವಿಭಾಗ ಕೆಲವು ಕಡೆ ಡಿಸ್ಟ್ರಿಕ್ಟ್ 87, ಕೆಲವು ಕಡೆ ಯೂನಿಟ್ 5. ನಾವು 87, ನನ್ನ ಇಬ್ಬರೂ ಮಕ್ಕಳು ಚೆನ್ನಾಗಿ ಓದಿದರು.

ಜಯನಗರ_4ನೇ_ಬ್ಲಾಕ್: ನಮ್ಮದು ಯೂನಿಟ್ 5. ಟ್ಯಾಕ್ಸ್ ಬಿಲ್ಲಿನಲ್ಲಿ ದೊಡ್ಡ ಪಾಲು ಸ್ಕೂಲಿನದೇ. ಕೊಡೋಕೆ ಬೇಜಾರಿಲ್ಲ. ಆದರೆ ನಿಮ್ಮದೇ ಮೇಲು ಅನ್ನೋ ಹಾಗೆ ಮಾತಾಡೋದು ಬೇಡ.

ಹಾಸನದ_ಅಕ್ಕ: ಮೇಲು ಅಂದಿದ್ದು ಯಾರು? ಮೇಲೆ ಹೋಗಿ ಇನ್ನೊಮ್ಮೆ ಓದಿ.