ಸಹಾಯ ಬೇಕು: ವೀಸಾ ಇರುವ ಹಳೇ ಪಾಸ್‌ಪೋರ್ಟ್ ಮಳೆಗೆ ನೆನೆದಿದೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ರಜೆಗೆ ಧಾರವಾಡಕ್ಕೆ ಬಂದಿದ್ದೇನೆ. ಆಗಸ್ಟ್ 12ಕ್ಕೆ ಬೆಂಗಳೂರಿನಿಂದ ವಾಪಸ್ ಟಿಕೆಟ್ ಇದೆ.

ಪಾಸ್‌ಪೋರ್ಟ್ ಅವಧಿ ಮುಗಿಯುತ್ತಿತ್ತು, ಇಲ್ಲೇ ಹೊಸದು ಮಾಡಿಸಿದೆ. ಎಫ್-1 (ವಿದ್ಯಾರ್ಥಿ) ವೀಸಾ ಹಳೇದರಲ್ಲೇ ಇದೆ, 2027ರವರೆಗೆ ನಡೆಯುತ್ತದೆ. ವೀಸಾ ಹಾಳಾಗಿರದಿದ್ದರೆ ಎರಡೂ ಪಾಸ್‌ಪೋರ್ಟ್ ಹಿಡಿದು ಹೋಗಬಹುದು, ಅದು ಗೊತ್ತು. ಯೂನಿವರ್ಸಿಟಿ ಕೊಡುವ ಐ-20 ಪತ್ರದ ಎರಡನೇ ಪುಟದಲ್ಲಿ ಪ್ರಯಾಣದ ಸಹಿಯೂ ಮಾರ್ಚಿನಲ್ಲೇ ಆಗಿದೆ, ಅದಕ್ಕೆ ಒಂದು ವರ್ಷ ಇದೆ.

ಚಿಂತೆ ಬೇರೆ. ಹೋದ ವಾರ ಹುಬ್ಬಳ್ಳಿಯಿಂದ ಬೈಕಿನಲ್ಲಿ ಬರುವಾಗ ನವಲೂರಿನ ಹತ್ತಿರ ಜೋರು ಮಳೆ ಹಿಡಿಯಿತು. ಬ್ಯಾಗಿನೊಳಗೆ ನೀರು ಹೋಯಿತು. ಅವ್ವ ಒಂದೊಂದೇ ಪುಟ ಬಿಡಿಸಿ ಫ್ಯಾನಿನ ಕೆಳಗೆ ಒಣಗಿಸಿದಳು. ಈಗ ವೀಸಾದ ಬಲಗಡೆ ಅಂಚು ಉಗುರಿನಷ್ಟು ಎದ್ದಿದೆ. ಫೋಟೋ, ಹೆಸರು, ಕೆಳಗಿನ ಎರಡು ಸಾಲು ಎಲ್ಲ ಸ್ಪಷ್ಟವಾಗಿವೆ. ಅಂಟು ಹಚ್ಚಿಲ್ಲ. ಹಚ್ಚಿದರೆ ತಿದ್ದಿದ್ದಾರೆ ಅಂತ ಅನುಮಾನ ಬರುತ್ತದೆ ಅಲ್ವಾ?

ಯೂನಿವರ್ಸಿಟಿಗೆ ಮೇಲ್ ಹಾಕಿದೆ. ‘ಹಾಳಾಗಿದ್ದರೆ ಹೊಸ ವೀಸಾ ಬೇಕು’ ಅಂದರು. ಎಷ್ಟಾದರೆ ಹಾಳು ಅಂತ ಹೇಳಲಿಲ್ಲ. ಇಲ್ಲಿ ಇಬ್ಬರು ಏಜೆಂಟರನ್ನು ಕೇಳಿದೆ. ಒಬ್ಬರು ಸುಮ್ನೆ ಹೋಗಿ ಅಂದರು, ಇನ್ನೊಬ್ಬರು ಬೇಡವೇ ಬೇಡ ಅಂದರು. ಹೊಸದಕ್ಕೆ ಡಿಎಸ್-160 ಅನ್ನೋ ವೀಸಾ ಅರ್ಜಿ ತುಂಬಿ, 185 ಡಾಲರ್ ಕಟ್ಟಿ, ಚೆನ್ನೈಗೋ ಹೈದರಾಬಾದಿಗೋ ಸಂದರ್ಶನಕ್ಕೆ ಹೋಗಬೇಕು. 12ರೊಳಗೆ ತಾರೀಖು ಸಿಗುತ್ತಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.

ಹೀಗೆ ಅಂಚು ಎದ್ದ, ಆದರೆ ಅಕ್ಷರ ಅಳಿಯದ ವೀಸಾದಲ್ಲಿ ನಿಮ್ಮಲ್ಲಿ ಯಾರಾದರೂ ಹೋಗಿದ್ದೀರಾ? ವಿಮಾನ ಹತ್ತುವಾಗ ಅಥವಾ ಅಲ್ಲಿ ಇಳಿದ ಮೇಲೆ ತಡೆದರಾ? ಇಲ್ಲ, ಟಿಕೆಟ್ ಮುಂದಕ್ಕೆ ಹಾಕಿ ಹೊಸ ವೀಸಾನೇ ಮಾಡಿಸಲಾ?