‘ಸ್ಟೋರೀಸ್ ವಿ ಟೆಲ್’: ಆ ಹಳೇ ತುಣುಕುಗಳು ಅಸಲಿಯೇ?

ಪ್ರಶ್ನೆ: ಕೆನಡಾದ ಸಾರಾ ಪೊಲಿ 2012ರಲ್ಲಿ ಮಾಡಿದ ಸಾಕ್ಷ್ಯಚಿತ್ರ ನೋಡಿದೆ. ತಾಯಿಗೆ ಮದುವೆಯಾಚೆ ಇದ್ದ ಸಂಬಂಧ, ಅದರಿಂದ ಹುಟ್ಟಿದವಳು ತಾನೇ ಎಂಬ ಗುಟ್ಟು. ತಾಯಿ ನಗುವ ಆ ಸೂಪರ್ 8 (ಮನೆಮಂದಿ ಬಳಸುತ್ತಿದ್ದ ಹಳೇ ಫಿಲ್ಮ್) ತುಣುಕುಗಳನ್ನು ಅಷ್ಟೊಂದು ಯಾರು ತೆಗೆದಿಟ್ಟಿದ್ದರು?

ಉತ್ತರ: ಕೆಲವಷ್ಟೇ ಅಸಲಿ. ಉಳಿದವನ್ನು ನಟರನ್ನಿಟ್ಟು ಸೂಪರ್ 8ರಲ್ಲೇ ಹೊಸದಾಗಿ ತೆಗೆದರು. ಕೊನೆಕೊನೆಗೆ ಸಾರಾ ನಟರಿಗೆ ಹೇಳಿಕೊಡುವುದೇ ಕಾಣುತ್ತದೆ, ಗಮನಿಸಿ.

ಇನ್ನೊಂದು ಉತ್ತರ: ನನ್ನನ್ನು ಕಾಡಿದ್ದು ಸಾಕಿದ ತಂದೆ ಮೈಕೆಲ್. ಹೆಂಡತಿಯ ಕಥೆಯನ್ನು ತಾವೇ ಬರೆದು ಸ್ಟುಡಿಯೊದಲ್ಲಿ ಓದುತ್ತಾರೆ. ಮಗಳು ತಡೆದು, ಆ ಸಾಲನ್ನು ಇನ್ನೊಮ್ಮೆ ಓದಿಸುತ್ತಾಳೆ. ಎಂಥ ಕಷ್ಟದ ಕೆಲಸ ಇಬ್ಬರಿಗೂ! ನನಗಂತೂ ಗಂಟಲು ಕಟ್ಟಿತು.

ಕೇಳಿದವರು: ನಿಜ, ಅವರ ದನಿಯಲ್ಲಿ ಕಹಿಯೇ ಇಲ್ಲ. ಮತ್ತೆ ನೋಡುತ್ತೇನೆ.