ವಸಂತದಲ್ಲಿ ಊರ ಸುತ್ತ ಕ್ಯಾಮೆರಾ ನಡಿಗೆ: ದಾರಿ, ಹೊತ್ತು, ಕೆಂಪು ಹೂವು, ಚಿಗುರು

ಬೆಳಕಿಂಡಿ (ಪ್ರಶ್ನೆ)

ಬೇರೆಲ್ಲೂ ಹೋಗದೆ ಇರುವ ಊರಲ್ಲೇ ಬೆಳಿಗ್ಗೆ ಎರಡು ಗಂಟೆ ನಡೆದು ವಸಂತದ ಫೋಟೋ ತೆಗೆಯಬೇಕು ಅಂತಿದೆ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರ್‌ನ) ಕ್ಯಾಮೆರಾ ಇದೆ. ಲೆನ್ಸ್ ಎರಡು: 18-55 ಎಂಎಂ ಝೂಮ್ ಮತ್ತು 50 ಎಂಎಂ ಎಫ್/1.8 (ಎಫ್ ಅಂಕಿ ಚಿಕ್ಕದಾದಷ್ಟು ಲೆನ್ಸ್‌ನ ಬೆಳಕಿನ ದ್ವಾರ, ಅಂದರೆ ಅಪರ್ಚರ್, ದೊಡ್ಡದು). ಟ್ರೈಪಾಡ್ ಒಯ್ಯುವುದಿಲ್ಲ.

ತೊಂದರೆಗಳು ಹೀಗಿವೆ. ಕೆಂಪು ಹೂವಿನ ಎಸಳಲ್ಲಿ ಗೆರೆ, ಮಡಿಕೆ ಒಂದೂ ಕಾಣದೆ ಇಡೀ ಹೂವು ಕೆಂಪು ಮುದ್ದೆಯಾಗುತ್ತದೆ. ಕಣ್ಣಿಗೆ ಥಳಥಳ ಹೊಳೆಯುವ ಚಿಗುರು ಫೋಟೋದಲ್ಲಿ ಮಂಕು. ಹತ್ತಿರದಿಂದ ತೆಗೆದ ಹೂಗಳಲ್ಲಿ ಹೆಚ್ಚಿನವು ಶಾರ್ಪ್ ಇಲ್ಲ. ಇವುಗಳ ಜೊತೆಗೆ, ಯಾವ ದಿಕ್ಕಿನಿಂದ ನಡೆಯಲು ಶುರು ಮಾಡಬೇಕು, ಎಷ್ಟು ದೂರ ಇಟ್ಟುಕೊಳ್ಳಬೇಕು ಅನ್ನುವುದನ್ನೂ ತಿಳಿದವರು ಹೇಳಿ.

ನೆರಳಳತೆ (ಉತ್ತರ)

ಮೊದಲು ದಾರಿಯ ವಿಷಯ. ಅದು ಸರಿಹೋದರೆ ಉಳಿದ ಅರ್ಧ ತಾನಾಗಿ ಸರಿಹೋಗುತ್ತದೆ. "ಆ ಮರ, ಈ ಬೀದಿ" ಅಂತ ವಸ್ತುಗಳ ಪಟ್ಟಿ ಹಿಡಿದು ಹೊರಡಬೇಡಿ. ಬೆಳಕು ಯಾವಾಗ ಎಲ್ಲಿ ಬೀಳುತ್ತದೆ ಅನ್ನುವ ಲೆಕ್ಕ ಹಿಡಿದು ಹೊರಡಿ.

ವಿಷುವದ ಆಸುಪಾಸಿನಲ್ಲಿ, ಅಂದರೆ ಮಾರ್ಚ್ 20-21ರ ಹಿಂದುಮುಂದಿನ ದಿನಗಳಲ್ಲಿ, ನೀವು ಯಾವ ಊರಲ್ಲಿದ್ದರೂ ಸೂರ್ಯ ಹೆಚ್ಚುಕಡಿಮೆ ನೇರ ಪೂರ್ವಕ್ಕೇ ಹುಟ್ಟುತ್ತಾನೆ. ಹಾಗಾಗಿ ಪೂರ್ವ-ಪಶ್ಚಿಮವಾಗಿ ಹಾಯುವ ಬೀದಿಯಲ್ಲಿ ಬೆಳಕು ಬೀದಿಯ ಉದ್ದಕ್ಕೂ ಹರಿದು ಬರುತ್ತದೆ. ಉತ್ತರ-ದಕ್ಷಿಣದ ಬೀದಿಯಲ್ಲಿ ಬೆಳಿಗ್ಗೆ ಪಶ್ಚಿಮದ ಸಾಲಿಗೆ ಮಾತ್ರ ಬಿಸಿಲು, ಸಂಜೆ ಪೂರ್ವದ ಸಾಲಿಗೆ. ಊರಿನ ನಕಾಶೆ ತೆರೆದು ಇಷ್ಟು ಗುರುತು ಹಾಕಿಕೊಂಡರೆ ಬೆಳಗಿನ ಬೀದಿ ಯಾವುದು, ಸಂಜೆಯ ಬೀದಿ ಯಾವುದು ಅಂತ ಮನೆಯಲ್ಲೇ ತೀರ್ಮಾನವಾಗುತ್ತದೆ.

ಬೆಳಿಗ್ಗೆ ಮೊದಲು ಪೂರ್ವಕ್ಕೆ, ಸೂರ್ಯನಿಗೆ ಮುಖ ಮಾಡಿ ನಡೆಯಿರಿ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ಸೂರ್ಯ ತಗ್ಗಿನಲ್ಲಿದ್ದಾಗ ಮಾತ್ರ ಕಣ್ಣಿನ ಮಟ್ಟದ ಎಲೆ, ಹೂಗಳ ಹಿಂದಿನಿಂದ ಬೆಳಕು ಬರುತ್ತದೆ. ಅವನು ಮೇಲೇರಿದ ಮೇಲೆ ಹಿಂಬೆಳಕು ಬೇಕೆಂದರೆ ಕ್ಯಾಮೆರಾ ಮೇಲಕ್ಕೆತ್ತಬೇಕು, ಆಗ ಹಿನ್ನೆಲೆಗೆ ಬಿಳಿ ಆಕಾಶ ಬಂದು ಕೂರುತ್ತದೆ. ಮುಗಿದ ಮೇಲೆ ಅದೇ ದಾರಿಯಲ್ಲಿ ಪಶ್ಚಿಮಕ್ಕೆ ವಾಪಸ್ ಬನ್ನಿ. ಈಗ ಸೂರ್ಯ ಬೆನ್ನಿಗೆ. ಇಡೀ ಮರ, ಗೋಡೆ, ಬಾಗಿಲು, ಹೂ ಬಿಟ್ಟ ಬಳ್ಳಿ ಇವೆಲ್ಲ ಈ ಬೆಳಕಿಗೆ ಚೆನ್ನ. ಹೋಗಿ ಬರುವುದು ಸೇರಿ ಎರಡು ಕಿಲೋಮೀಟರ್ ಸಾಕು. ಅದಕ್ಕಿಂತ ಹೆಚ್ಚು ಇಟ್ಟುಕೊಂಡರೆ ನಡೆಯುವುದೇ ಆಗುತ್ತದೆ, ನೋಡುವುದು ಆಗುವುದಿಲ್ಲ.

ಹೊತ್ತಿನ ಬಗ್ಗೆ: ಬಂಗಾರದ ಬೆಳಕು ಸೂರ್ಯ ದಿಗಂತದಿಂದ ಸುಮಾರು 6 ಡಿಗ್ರಿ ಏರುವವರೆಗೆ. ವಿಷುವದ ದಿನಗಳಲ್ಲಿ ಭೂಮಧ್ಯರೇಖೆಯ ಹತ್ತಿರ ಇದು ಬರೀ 24 ನಿಮಿಷ, 45 ಡಿಗ್ರಿ ಅಕ್ಷಾಂಶದಲ್ಲಿ 34 ನಿಮಿಷ. ಮರ, ಮನೆ ಅಡ್ಡ ಇದ್ದರೆ ಇನ್ನೂ ಕಡಿಮೆ. ಆದ್ದರಿಂದ ಸೂರ್ಯೋದಯಕ್ಕೆ 15 ನಿಮಿಷ ಮೊದಲೇ ಶುರುವಿನ ಜಾಗದಲ್ಲಿ ನಿಂತು, ಸೆಟ್ಟಿಂಗ್ ಎಲ್ಲ ಮುಗಿಸಿಕೊಂಡಿರಬೇಕು.

ಬಿಸಿಲು ಕೆಟ್ಟಿತೋ ಇಲ್ಲವೋ ಅನ್ನುವುದಕ್ಕೆ ಆ್ಯಪ್ ಬೇಡ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಯಿತೆಂದರೆ ಸೂರ್ಯ 45 ಡಿಗ್ರಿ ದಾಟಿದ ಎಂದರ್ಥ. ಆಮೇಲೆ ಬಯಲಲ್ಲಿ ತೆಗೆಯುವುದನ್ನು ಬಿಟ್ಟು ಗೋಡೆಯ ನೆರಳು, ಜಗುಲಿ, ದಟ್ಟ ಮರದ ಕೆಳಗೆ ಉದುರಿದ ಹೂ, ಇಂಥ ಕಡೆಗೆ ಸರಿಯಿರಿ.

ಮೂರುಬಣ್ಣ

ಕೆಂಪು ಮುದ್ದೆಯಾಗುವುದಕ್ಕೆ ಕಾರಣ ಸರಳ. ಕ್ಯಾಮೆರಾ ಬೆಳಕನ್ನು ಒಟ್ಟಾರೆಯಾಗಿ ಅಳೆಯುತ್ತದೆ, ಅದರಲ್ಲೂ ಹಸಿರಿಗೆ ಹೆಚ್ಚು ತೂಕ. ಹೂವಿನ ಕೆಂಪು ಚಾನೆಲ್ (ಚಿತ್ರದಲ್ಲಿ ಕೆಂಪು ಬಣ್ಣದ ಪಾಲು) ತುಂಬಿ ತುಳುಕಿದ್ದರೂ ಬಿಳಿ ಹಿಸ್ಟೋಗ್ರಾಂ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಆರಾಮಾಗಿ ನಡುವೆಯೇ ಕೂತಿರುತ್ತದೆ. ತುಂಬಿದ ಚಾನೆಲ್‌ನಲ್ಲಿ ಏರಿಳಿತ ಉಳಿದಿರುವುದಿಲ್ಲ, ಏರಿಳಿತ ಇಲ್ಲದಿದ್ದರೆ ಎಸಳಿನ ಗೆರೆಯೂ ಇಲ್ಲ.

ಮಾಡಬೇಕಾದ್ದು: ಪ್ಲೇಬ್ಯಾಕ್‌ನಲ್ಲಿ ಕೆಂಪು, ಹಸಿರು, ನೀಲಿ ಬೇರೆಬೇರೆ ತೋರಿಸುವ ಹಿಸ್ಟೋಗ್ರಾಂ ಹಾಕಿಕೊಳ್ಳಿ. ಕೆಂಪಿನ ಗುಡ್ಡ ಬಲಗೋಡೆಗೆ ಒತ್ತಿದ್ದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಚಿತ್ರದ ಬೆಳಕು ಹೆಚ್ಚುಕಡಿಮೆ ಮಾಡುವ ಸೆಟ್ಟಿಂಗ್) -0.7ಕ್ಕೆ ಇಳಿಸಿ, ಇನ್ನೂ ಒತ್ತಿದ್ದರೆ -1.3. ಪಿಕ್ಚರ್ ಪ್ರೊಫೈಲ್ 'ವಿವಿಡ್'ನಲ್ಲಿದ್ದರೆ 'ನ್ಯೂಟ್ರಲ್'ಗೆ ತನ್ನಿ. ರಾ ಫೈಲ್ (ಸೆನ್ಸರ್‌ನ ಕಚ್ಚಾ ಚಿತ್ರ) ತೆಗೆಯುತ್ತಿದ್ದರೂ ಇದು ಮುಖ್ಯ, ಏಕೆಂದರೆ ಪರದೆಯ ಹಿಸ್ಟೋಗ್ರಾಂ ಲೆಕ್ಕ ಹಾಕುವುದು ಜೆಪೆಗ್ ಚಿತ್ರದಿಂದ. ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ಚಿತ್ರ ಹೊಂದಿಸುವ ಸೆಟ್ಟಿಂಗ್) 'ಶೇಡ್'ನಲ್ಲಿ, ಅಂದರೆ 7000 ಕೆಲ್ವಿನ್ ಹತ್ತಿರ ಇಟ್ಟರೆ ಕ್ಯಾಮೆರಾ ಕೆಂಪನ್ನು ಇನ್ನಷ್ಟು ಎತ್ತುತ್ತದೆ. 5200-5500ರಲ್ಲಿ ಕಟ್ಟಿಹಾಕಿ, ಉಳಿದದ್ದು ಮನೆಗೆ ಬಂದ ಮೇಲೆ.

ಇಷ್ಟು ಮಾಡಿಯೂ ಕಂಪ್ಯೂಟರ್‌ನಲ್ಲಿ ಮುದ್ದೆಯಾಗಿ ಕಂಡರೆ, ಅದು ಎಕ್ಸ್‌ಪೋಷರ್ ತಪ್ಪಲ್ಲ. ಗಾಢ ಕೆಂಪು, ನೇರಳೆ ಬಣ್ಣಗಳು ಎಸ್‌ಆರ್‌ಜಿಬಿಯ (ಸಾಮಾನ್ಯ ಪರದೆಗಳು ಬಳಸುವ ಬಣ್ಣದ ಮಾನದಂಡ) ಬಣ್ಣದ ವ್ಯಾಪ್ತಿಯೊಳಗೆ ಹಿಡಿಸುವುದಿಲ್ಲ. ಕೆಂಪಿನ ಸ್ಯಾಚುರೇಷನ್ (ಬಣ್ಣದ ಗಾಢತೆ) ಮಾತ್ರ 10ರಿಂದ 20 ಇಳಿಸಿ ನೋಡಿ, ಗೆರೆಗಳು ಎದ್ದು ಬರುತ್ತವೆ.

ಕೆಂಪು ಹೂವಿಗೆ ನೇರ ಬಿಸಿಲಿಗಿಂತ ಮೋಡದ ಬೆಳಕು ಯಾವತ್ತೂ ಮೇಲು. ಮೋಡ ಇಲ್ಲದಿದ್ದರೆ ಹೂವಿನ ಮೇಲೆ ನಿಮ್ಮದೇ ನೆರಳು ಬೀಳಿಸಿ ತೆಗೆಯಿರಿ. ಆದರೆ ಹಿನ್ನೆಲೆಯೂ ನೆರಳಲ್ಲೇ ಇರುವ ಕೋನ ಹುಡುಕಿ, ಇಲ್ಲವಾದರೆ ಹಿಂಭಾಗ ಬೆಳ್ಳಗೆ ಸುಟ್ಟುಹೋಗುತ್ತದೆ.

ಎಲೆಯಂಚು

ಚಿಗುರಿನ ವಿಷಯಕ್ಕೆ ಬರುತ್ತೇನೆ. ಎಳೆ ಎಲೆ ತೆಳು, ಅದರಲ್ಲಿ ಹರಿತ್ತು ಇನ್ನೂ ಕಡಿಮೆ. ಬೆಳಕು ಅದರ ಮೂಲಕ ಹಾಯ್ದು ಬರುವಾಗ ಹಳದಿ-ಹಸಿರಾಗಿ ಹೊಳೆಯುತ್ತದೆ. ಮಾವು, ಅರಳಿಯಂಥ ಮರಗಳಲ್ಲಿ ಆಂಥೋಸಯಾನಿನ್ ಎಂಬ ಕೆಂಪು ವರ್ಣದ್ರವ್ಯ ಇರುವುದರಿಂದ ಚಿಗುರು ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ. ಇದನ್ನೇ ಮುಂಬೆಳಕಿನಲ್ಲಿ ತೆಗೆದರೆ ಎಲೆಯ ಮೇಲ್ಮೈಯ ಮೇಣದಿಂದ ಪ್ರತಿಫಲಿಸಿದ ಬಿಳಿ ಹೊಳಪು ಬಣ್ಣವನ್ನು ಮುಚ್ಚುತ್ತದೆ. ಮಂಕು ಬಂದದ್ದು ಅದರಿಂದ.

ಆದ್ದರಿಂದ ಚಿಗುರಿಗೆ ಹಿಂಬೆಳಕು, ಅದರ ಹಿಂದೆ ಕಪ್ಪು ನೆರಳು. ಎರಡೂ ಸೇರಬೇಕು. ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಎಲೆಯ ಹಿಂದೆ ದಪ್ಪ ಕಾಂಡವೋ ನೆರಳು ಬಿದ್ದ ಗೋಡೆಯೋ ಸಿಗುತ್ತದೆ. ಇಡೀ ಚೌಕಟ್ಟು ಅಳೆಯುವ ಮೀಟರಿಂಗ್‌ನಲ್ಲಿ ಈ ಕಪ್ಪು ಹಿನ್ನೆಲೆ ಕ್ಯಾಮೆರಾವನ್ನು ದಾರಿ ತಪ್ಪಿಸಿ ಎಲೆಯನ್ನು ತೆಳುಬಣ್ಣ ಮಾಡುತ್ತದೆ, -0.7 ಅಥವಾ -1 ಬೇಕು. ಸ್ಪಾಟ್ ಮೀಟರಿಂಗ್‌ನಲ್ಲಿ ಎಲೆಯ ಮೇಲೇ ಅಳೆದರೆ ತದ್ವಿರುದ್ಧ, +0.7. ಎರಡನ್ನೂ ಬೆರೆಸಿಕೊಂಡು ಗೊಂದಲ ಮಾಡಿಕೊಳ್ಳಬೇಡಿ, ಒಂದನ್ನೇ ಹಿಡಿಯಿರಿ.

ಲೆನ್ಸ್ ಹುಡ್ ಹಾಕಿರಿ. ಆದರೂ ಚಿತ್ರ ಹಾಲು ಚೆಲ್ಲಿದಂತೆ ಬೆಳ್ಳಗಾದರೆ ಬಿಸಿಲು ಮುಂದಿನ ಗಾಜಿನ ಮೇಲೆ ಬೀಳುತ್ತಿದೆ. ಎಡಗೈಯಿಂದ ಮರೆ ಮಾಡಿ, ಕೈ ಚೌಕಟ್ಟಿನೊಳಗೆ ಬರದಂತೆ.

ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮುಂಬೆಳಕಿನಲ್ಲಿ, ಮೋಡದಲ್ಲಿ, ಮಳೆ ಬಿದ್ದ ಮರುದಿನ ಎಲೆಯ ಹೊಳಪು ತೆಗೆಯುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಒಂದೂವರೆಯಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ) ಬೆಳಕು ತಿನ್ನುತ್ತದೆ, ಅಷ್ಟೇ. ಆಕಾಶದ ಮೇಲೆ ಅದರ ಪರಿಣಾಮ ಸೂರ್ಯನಿಂದ 90 ಡಿಗ್ರಿ ಪಕ್ಕಕ್ಕೆ ನೋಡುವಾಗ ಅತಿ ಹೆಚ್ಚು. 18 ಎಂಎಂನಲ್ಲಿ ಆಕಾಶ ಸೇರಿಸಿದರೆ ಒಂದು ಮೂಲೆ ಕಡುನೀಲಿ, ಇನ್ನೊಂದು ಮೂಲೆ ಪೇಲವ ಆಗುತ್ತದೆ.

ನೆರಳಳತೆ

ಪೋಲರೈಸರ್ ಬಗ್ಗೆ ಒಂದು ಸೇರಿಸುತ್ತೇನೆ. ಹಿಂಬೆಳಕಿನ ಚಿಗುರಿಗೆ ಅದನ್ನು ಬಿಚ್ಚಿಡಬೇಕು. ಅಲ್ಲಿ ಬೆಳಕು ಎಲೆಯೊಳಗಿಂದ ಚದುರಿ ಬರುವುದು, ಮೇಲ್ಮೈಯ ಪ್ರತಿಫಲನವಲ್ಲ. ಹಾಗಾಗಿ ಫಿಲ್ಟರ್ ಏನನ್ನೂ ಕಳೆಯುವುದಿಲ್ಲ, ಸುಮ್ಮನೆ ಶಟರ್ ಸ್ಪೀಡ್ ಬೀಳುತ್ತದೆ. ಅದರ ಮೇಲೆ ಸೂರ್ಯನ ಕಡೆ ತಿರುಗಿದಾಗ ಇನ್ನೊಂದು ಗಾಜು ಇನ್ನಷ್ಟು ಫ್ಲೇರ್ (ಆ ಹಾಲು ಚೆಲ್ಲಿದಂಥ ಮಸುಕು) ತರುತ್ತದೆ.

ಬೆಳಕಿಂಡಿ

ತುಂಬ ಉಪಯೋಗವಾಯಿತು. ಪೂರ್ವಕ್ಕೆ ಮೊದಲು ಅನ್ನುವುದು ಹೊಳೆದಿರಲಿಲ್ಲ. ಶಾರ್ಪ್ ಇಲ್ಲದ್ದರ ಬಗ್ಗೆ: ಹೂಗಳಿಗೆ 50 ಎಂಎಂ, ಎಫ್/1.8, ಶಟರ್ 1/250. ನಡುವಿನ ಬಿಂದುವಿನಲ್ಲಿ ಫೋಕಸ್ ಹಿಡಿದು, ಆಮೇಲೆ ಚೌಕಟ್ಟು ಸರಿಸುವ ಕ್ರಮ. ಇದರಲ್ಲಿ ಯಾವುದು ತಪ್ಪು?

ಮಿಲಿಮೀಟರು

ನೀವು ಬರೆದ ನಾಲ್ಕರಲ್ಲಿ ನಾಲ್ಕನ್ನೂ ಬದಲಿಸಬೇಕು. ಲೆಕ್ಕ ಕೊಡುತ್ತೇನೆ.

50 ಎಂಎಂ ಲೆನ್ಸನ್ನು 45 ಸೆಂ.ಮೀ. ದೂರದಲ್ಲಿ ಎಫ್/1.8ರಲ್ಲಿ ಇಟ್ಟರೆ ಫೋಕಸ್‌ನ ಆಳ (ಶಾರ್ಪ್ ಆಗಿ ಬರುವ ಭಾಗದ ದಪ್ಪ) ಬರೀ 5 ಮಿ.ಮೀ. ಎಫ್/5.6ರಲ್ಲಿ 16, ಎಫ್/8ರಲ್ಲಿ 23 ಮಿ.ಮೀ. ಬಟ್ಟಲಿನಂಥ ಹೂವಿಗೆ 5 ಮಿ.ಮೀ.ಯಲ್ಲಿ ಕೇಸರ ಸಿಕ್ಕರೆ ಎಸಳಂಚು ಸಿಗುವುದಿಲ್ಲ. ಎಫ್/5.6ರಿಂದ ಶುರು ಮಾಡಿ. ಹಿನ್ನೆಲೆ ಕರಗಬೇಕೆಂದರೆ ಅಪರ್ಚರ್ ತೆರೆಯುವ ಬದಲು ಹಿನ್ನೆಲೆ ಎರಡು ಮೂರು ಮೀಟರ್ ದೂರ ಇರುವ ಹೂವನ್ನು ಆರಿಸಿ. ಎಫ್/16ರವರೆಗೆ ಹೋಗಬೇಡಿ, ನಿಮ್ಮ ಸೆನ್ಸರ್‌ನಲ್ಲಿ ಡಿಫ್ರ್ಯಾಕ್ಷನ್ (ಚಿಕ್ಕ ದ್ವಾರದಲ್ಲಿ ಬೆಳಕು ಹರಡುವುದು) ಸೂಕ್ಷ್ಮ ವಿವರವನ್ನು ಮಸುಕು ಮಾಡುತ್ತದೆ.

ಫೋಕಸ್ ಹಿಡಿದು ಚೌಕಟ್ಟು ಸರಿಸುವುದು ದೂರದ ವಸ್ತುಗಳಿಗೆ ನಡೆಯುತ್ತದೆ, ಹೂವಿಗೆ ನಡೆಯುವುದಿಲ್ಲ. ಈ ದೂರದಲ್ಲಿ ಕ್ಯಾಮೆರಾ 10 ಡಿಗ್ರಿ ತಿರುಗಿಸಿದರೂ ಫೋಕಸ್ ಸುಮಾರು 6 ಮಿ.ಮೀ. ಹೂವಿನ ಹಿಂದಕ್ಕೆ ಹೋಗಿಬಿಡುತ್ತದೆ. ನಿಮಗಿದ್ದ ಆಳವೇ 5. ಫೋಕಸ್ ಬಿಂದುವನ್ನೇ ಹೂವಿನ ಮೇಲೆ ಸರಿಸಿ, ಕಂಟಿನ್ಯುಯಸ್ ಫೋಕಸ್ ಇಡಿ, ಮೂರರಿಂದ ಐದು ಫ್ರೇಮ್ ಒಟ್ಟಿಗೆ ಬಿಡಿ. ನಿಂತ ದೇಹ ಹಿಂದುಮುಂದು ತೂಗುವುದೇ ಕೆಲವು ಮಿಲಿಮೀಟರ್. ಮೊಣಕಾಲು ಊರಿ, ಮೊಣಕೈಯನ್ನು ತೊಡೆಗೆ ಆನಿಸಿ.

ಇನ್ನು ಗಾಳಿ. ಹೂವು ಸೆಕೆಂಡಿಗೆ 5 ಸೆಂ.ಮೀ. ಓಲಾಡುತ್ತಿದೆ ಅನ್ನಿ, ಇದು ಬರೀ ಮಂದಗಾಳಿ. ನಾಲ್ಕನೇ ಒಂದು ಪಟ್ಟು ವರ್ಧನೆಯಲ್ಲಿ (ಸೆನ್ಸರ್ ಮೇಲೆ ಹೂವು ನಿಜಗಾತ್ರದ ಕಾಲುಭಾಗ) 1/250ರಲ್ಲಿ ಅದು ಸೆನ್ಸರ್ ಮೇಲೆ 12-13 ಪಿಕ್ಸೆಲ್ ಜಾರುತ್ತದೆ. 1/1000ದಲ್ಲಿ ಮೂರು. ಹಾಗಾಗಿ ಅಪರ್ಚರ್ ಪ್ರಯಾರಿಟಿ (ಅಪರ್ಚರ್ ನೀವು, ಶಟರ್ ಕ್ಯಾಮೆರಾ ಆರಿಸುವ ಮೋಡ್), ಬೆಳಕಿನ ಸಂವೇದನೆಯನ್ನು ಕ್ಯಾಮೆರಾ ತಾನೇ ಹೊಂದಿಸುವ ಆಟೋ ಐಎಸ್‌ಒ, ಕನಿಷ್ಠ ಶಟರ್ 1/800. ಐಎಸ್‌ಒ 1600 ಆದರೆ ಆಗಲಿ; ನಾಯ್ಸ್ ತೆಗೆಯಬಹುದು, ಅಲುಗಾಟ ತೆಗೆಯಲಾಗದು. ಓಲಾಡುವ ಹೂವು ತುದಿ ಮುಟ್ಟಿ ಹಿಂದಿರುಗುವ ಕ್ಷಣದಲ್ಲಿ ವೇಗ ಸೊನ್ನೆ, ಬಟನ್ ಒತ್ತಬೇಕಾದ್ದು ಆಗ. ನೆಲ ಕಾದ ಮೇಲೆ ಗಾಳಿ ಏಳುತ್ತದೆ, ಆದ್ದರಿಂದ ಹೂಗಳನ್ನು ಸೂರ್ಯೋದಯದ ಮೊದಲ ಗಂಟೆಯೊಳಗೇ ಮುಗಿಸಿ.

ಲೆನ್ಸ್ ಕೂಡ ಬದಲಿಸಿ. 50 ಎಂಎಂ ಎಫ್/1.8 ಹೂವಿನ ಲೆನ್ಸ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಅದು ಹತ್ತಿರ ಹೋಗುವುದೇ 35-45 ಸೆಂ.ಮೀ.ವರೆಗೆ. ಬಹುತೇಕ 18-55ಗಳು 25ರಿಂದ 30 ಸೆಂ.ಮೀ.ಗೆ ಇಳಿಯುತ್ತವೆ. 55ರ ತುದಿಯಲ್ಲಿ ಅದೇ ಹೂವು ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾಗಿ ಬರುತ್ತದೆ. 50ನ್ನೇ ಬಳಸಬೇಕೆಂದರೆ 12 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾ ಮತ್ತು ಲೆನ್ಸ್ ನಡುವೆ ಕೂರುವ ಟೊಳ್ಳು ಕೊಳವೆ) ಹಾಕಿ. ಅದರಲ್ಲಿ ಗಾಜಿಲ್ಲ, ಗುಣಮಟ್ಟ ಕೆಡುವುದಿಲ್ಲ. ದೂರದ ಫೋಕಸ್ ಮಾತ್ರ ಹೋಗುತ್ತದೆ.

ಮೂರುಬಣ್ಣ

ಬೀದಿಯಲ್ಲಿ ಲೆನ್ಸ್ ಬದಲಿಸುವಾಗ ಕ್ಯಾಮೆರಾ ಬಾಯಿ ಕೆಳಕ್ಕಿರಲಿ. ಈ ಕಾಲದಲ್ಲಿ ಗಾಳಿಯ ತುಂಬ ಪರಾಗ ಇರುತ್ತದೆ, ಬಹಳಷ್ಟು ಪರಾಗಕ್ಕೆ ಎಣ್ಣೆಯಂಥ ಅಂಟು. ಲೆನ್ಸ್ ಮೇಲೆ ಕೂತದ್ದನ್ನು ಬಟ್ಟೆಯಿಂದ ಒರೆಸಿದರೆ ಬಳಿದುಕೊಳ್ಳುತ್ತದೆ. ಮೊದಲು ಬ್ಲೋವರ್, ಆಮೇಲೆ ಮೈಕ್ರೋಫೈಬರ್.

ಕೈಫೋನು

ಫೋನಿನಲ್ಲಿ ತೆಗೆಯುವವರಿಗೂ ಒಂದೆರಡು ಮಾತು. ಮ್ಯಾಕ್ರೋ ಮೋಡ್ ಬಹಳ ಫೋನುಗಳಲ್ಲಿ ಅಲ್ಟ್ರಾವೈಡ್ ಕ್ಯಾಮೆರಾದಿಂದ ನಡೆಯುತ್ತದೆ. ಹೂವಿಗೆ ಕೆಲವೇ ಸೆಂಟಿಮೀಟರ್ ಹತ್ತಿರ ಹೋಗಬೇಕು, ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಅದರ ಬದಲು ಮುಖ್ಯ ಕ್ಯಾಮೆರಾದ 2ಎಕ್ಸ್ ಇಟ್ಟು ಹಿಂದೆ ಸರಿಯಿರಿ. ಹೂವಿನ ಮೇಲೆ ಬೆರಳು ಒತ್ತಿಹಿಡಿದು ಲಾಕ್ ಮಾಡಿ, ಬೆಳಕನ್ನು ಕೆಳಕ್ಕೆ ಎಳೆಯಿರಿ. ಗಾಳಿ ಇದ್ದಾಗ ಎಚ್‌ಡಿಆರ್ (ಹಲವು ಫ್ರೇಮ್ ಬೆರೆಸುವ ಮೋಡ್) ಆಫ್ ಮಾಡಿ. ಹಲವು ಫ್ರೇಮ್ ಸೇರಿಸುವಾಗ ಅಲುಗಿದ ಎಲೆಗಳಿಗೆ ಜೋಡಿ ಅಂಚು ಬರುತ್ತದೆ. ಪೋರ್ಟ್ರೇಟ್ ಮೋಡ್ ಕೇಸರದಂಥ ಸಣ್ಣ ಎಳೆಗಳನ್ನು ಹಿನ್ನೆಲೆ ಅಂತ ತಿಳಿದು ಅಳಿಸಿಬಿಡುತ್ತದೆ, ಹೂವಿಗೆ ಅದು ಬೇಡವೇ ಬೇಡ.

ಎಲೆಯಂಚು

ಎಡಿಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಚಿಗುರಿನ ಬಣ್ಣ ಸರಿಮಾಡಲು ಎಲ್ಲರೂ ಹಸಿರಿನ ಸ್ಲೈಡರ್ ಎಳೆಯುತ್ತಾರೆ, ಆದರೆ ಎಳೆ ಎಲೆಯ ಬಣ್ಣ ಬಹುಪಾಲು ಇರುವುದು ಹಳದಿಯಲ್ಲಿ. ಎಡಿಟಿಂಗ್ ತಂತ್ರಾಂಶ ಲೈಟ್‌ರೂಮ್ ಆಗಲಿ ಡಾರ್ಕ್‌ಟೇಬಲ್ ಆಗಲಿ, ಹಳದಿಯ ಸ್ಯಾಚುರೇಷನ್ 10 ಇಳಿಸಿ, ಲ್ಯೂಮಿನೆನ್ಸ್ (ಆ ಬಣ್ಣದ ಹೊಳಪು) 10 ಏರಿಸಿ ನೋಡಿ. ಒಟ್ಟು ಸ್ಯಾಚುರೇಷನ್ ಏರಿಸಿದರೆ ಪ್ಲಾಸ್ಟಿಕ್ ಎಲೆಯಾಗುತ್ತದೆ.

ಊರಲ್ಲೇ ತೆಗೆಯುವುದರ ದೊಡ್ಡ ಅನುಕೂಲ ಅದೇ ಜಾಗಕ್ಕೆ ಮತ್ತೆ ಹೋಗಬಹುದು ಅನ್ನುವುದು. ಒಂದು ಮರ ಆರಿಸಿ, ಬೋಳು ಕೊಂಬೆಯಿಂದ ತುಂಬಿದ ಎಲೆಯವರೆಗೆ ವಾರಕ್ಕೊಮ್ಮೆ ತೆಗೆಯಿರಿ. ಜಾಗ ತಪ್ಪದಿರಲು ಹತ್ತಿರದ ಕಂಬ ಮತ್ತು ದೂರದ ಗೋಡೆಯ ಮೂಲೆ ಒಂದೇ ಗೆರೆಗೆ ಬರುವ ಕಡೆ ನಿಲ್ಲಿ. ಝೂಮ್‌ನ ಸಂಖ್ಯೆ ಬರೆದಿಡಿ. 35ರ ಗುರುತು ಸುಲಭ. ಹಿಂದಿನ ವಾರದ ಫೋಟೋ ಫೋನಿನಲ್ಲಿಟ್ಟುಕೊಂಡು ಚೌಕಟ್ಟಿನ ನಾಲ್ಕು ಮೂಲೆ ಹೋಲಿಸಿ. ಗಡಿಯಾರದ ಹೊತ್ತಿಗಿಂತ ಸೂರ್ಯೋದಯದ ನಂತರ ಎಷ್ಟು ನಿಮಿಷ ಅನ್ನುವುದನ್ನು ಪಾಲಿಸಿ, ಸೂರ್ಯೋದಯ ವಾರವಾರಕ್ಕೂ ಬದಲಾಗುತ್ತಿರುತ್ತದೆ. ಆ ಮರದಲ್ಲಿ ಗೂಡು ಕಂಡರೆ ಹತ್ತಿರ ಹೋಗಬೇಡಿ, ಅಡ್ಡ ಬಂದ ಕೊಂಬೆ ಬಗ್ಗಿಸಬೇಡಿ. ಮರೆ ತೆಗೆದ ಗೂಡು ಕಾಗೆಗೂ ಬೆಕ್ಕಿಗೂ ಕಾಣುತ್ತದೆ.

ಬೆಳಕಿಂಡಿ

ಹಾಗಾದರೆ 18-55 ಒಂದೇ ಒಯ್ಯುತ್ತೇನೆ, ಎಫ್/5.6, ಕನಿಷ್ಠ 1/800. ಪೂರ್ವ-ಪಶ್ಚಿಮದ ಬೀದಿ ನಕಾಶೆಯಲ್ಲಿ ಸಿಕ್ಕಿದೆ, ಆದರೆ ಪೂರ್ವದ ತುದಿಗೆ ಎತ್ತರದ ಕಟ್ಟಡ ಇದೆ.

ನೆರಳಳತೆ

ಕಟ್ಟಡದಿಂದ ನೀವಿರುವ ದೂರ ಅದರ ಎತ್ತರದ ಹತ್ತು ಪಟ್ಟು ಇದ್ದರೆ ಸೂರ್ಯ 6 ಡಿಗ್ರಿಗೆ ಏರಿದಾಗ ಮೇಲೆ ಕಾಣುತ್ತಾನೆ, ಐದು ಪಟ್ಟು ಇದ್ದರೆ 11 ಡಿಗ್ರಿಗೆ. ಅಂದರೆ ಕಟ್ಟಡದಿಂದ ದೂರದ ತುದಿಯಿಂದ ಶುರು ಮಾಡಿ, ಹತ್ತು ಪಟ್ಟಿನ ಗೆರೆಗೆ ಬಂದ ಕಡೆ ತಿರುಗಿ.